ಸೂಜಿ ಡಾಕ್ಟರಮ್ಮ ಕಲಿಸಿದ ನಗು

ಮೊನ್ನೆ ಗೌರಿಬಿದನೂರಿನ ಬಸ್ಸಿನಲ್ಲಿ ಪಕ್ಕದ ಹೆಂಗಸು ಕೈಗೆ ಸ್ಯಾನಿಟೈಸರ್ ಹಾಕಿಕೊಂಡಳು. ಆ ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಂತಾಮಣಿಯ ಸೂಜಿ ಡಾಕ್ಟರಮ್ಮ ನೆನಪಾದರು…

ನಾನಾಗ ಬಾಣಂತಿ. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಸೋರಿತು. ಎಡಗಣ್ಣು ಮುಚ್ಚಲೊಲ್ಲದು, ಕೆನ್ನೆ ಜೋತುಬಿದ್ದಿತ್ತು. ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಬಸ್ಸಿನ ಕಿಟಕಿ ಪಕ್ಕ ಕೂತಿದ್ದಕ್ಕೆ ಗಾಳಿ ಹೊಡೆದಿದೆ ಎಂದರು ಮನೆಯವರೆಲ್ಲ. ಸೊಟ್ಟ ಮುಖ ನೋಡಿದರೆ ಮಗುವಿಗೂ ಅದೇ ಬರುತ್ತದೆಂದು ಅತ್ತೆಗೆ ಭಯ. ಹಾಗಾಗಿ ಮುಖಕ್ಕೆ ಸೆರಗು ಮುಚ್ಚಿಕೊಂಡೇ ಹಾಲೂಡಿಸುತ್ತಿದ್ದೆ. ಆಗಷ್ಟೇ ನಗಲು ಕಲಿತಿದ್ದ ಮಗಳು ಎಲ್ಲರನ್ನೂ ನೋಡಿ ನಗುತ್ತಿದ್ದಳು, ನನ್ನೊಬ್ಬಳನ್ನು ಬಿಟ್ಟು.

ಅಕ್ಯುಪಂಕ್ಚರ್ ಮಾಡುತ್ತಿದ್ದ ಆ ಡಾಕ್ಟರಮ್ಮ, ಇದು ಗಾಳಿಯಲ್ಲ, ನರ ಊದಿಕೊಂಡಿದೆ, ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ ಬಿಡಕೂಡದು ಎಂದರು. ಬೆಚ್ಚಗಿನ ಎಣ್ಣೆಯಲ್ಲಿ ನನ್ನ ಕೆನ್ನೆ ನೀವುವುದಕ್ಕೆ ಮೊದಲು ನನ್ನ ಬೆರಳುಗಳನ್ನು ಹಿಡಿದು ತಮ್ಮ ಕೆನ್ನೆಯ ಮೇಲಿಟ್ಟುಕೊಂಡರು.

"ನಾನು ನಗ್ತೀನಿ. ನೀವು ಕಣ್ಣಲ್ಲಲ್ಲ, ಬೆರಳಲ್ಲೇ ನೋಡಿ ಅಮ್ಮ."

ಚರ್ಮದ ಕೆಳಗೆ ಏನೋ ಸರಿದು, ಮೇಲೆದ್ದು, ಕಣ್ಣಿನ ತನಕ ಹೋಯಿತು. ಹುಟ್ಟಿದಾಗಿನಿಂದ ನಕ್ಕವಳೇ ನಾನು. ಒಂದು ನಗುವಿಗೆ ಒಳಗೆ ಇಷ್ಟೆಲ್ಲ ನಡೆಯಬೇಕೆಂದು ಗೊತ್ತೇ ಇರಲಿಲ್ಲ.

ಇನ್ನೊಂದು ದಿನ ನನ್ನ ಮುಖದ ತುಂಬ ಕೂದಲೆಳೆಯಂಥ ಸೂಜಿಗಳಿದ್ದವು. ಹೊರಗೆ ಅತ್ತೆಯ ಮಡಿಲಲ್ಲಿದ್ದ ಮಗುವನ್ನು ಡಾಕ್ಟರಮ್ಮ ಎತ್ತಿಕೊಂಡು ಬಂದು ನನ್ನೆದುರು ಹಿಡಿದರು. ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು.

"ಮುಚ್ಕೋಬೇಡಿ. ಮಗು ನೋಡ್ಲಿ," ಎಂದರು.

ಮಗಳು ಸೂಜಿಗಳನ್ನೇ ಕಣ್ಣರಳಿಸಿ ನೋಡಿದಳು. ಆಮೇಲೆ ಬೊಚ್ಚುಬಾಯಿ ಬಿಟ್ಟು ನಕ್ಕಳು… ನನ್ನನ್ನೇ ನೋಡಿ. ನಾನೂ ಇದ್ದ ಅರ್ಧ ಮುಖದಲ್ಲೇ ನಕ್ಕೆ.

ಉಳಿದರ್ಧ ನಿಧಾನವಾಗಿ ಬಂತು. ಸೂಜಿಯಿಂದ ಬಂತೋ ಮಾತ್ರೆಯಿಂದಲೋ ಎಂದು ಕೇಳಿದರೆ, ತಮಗೂ ಗೊತ್ತಿಲ್ಲ ಎಂದು ನಕ್ಕುಬಿಟ್ಟರು ಮಹಾರಾಯಿತಿ.

ಬಸ್ಸಿನಲ್ಲಿ ಅವರು ನೆನಪಾದ ಮೇಲೆ ಮನಸ್ಸು ತಡೆಯಲಿಲ್ಲ. ಬೆಳೆದು ನಿಂತಿರುವ ಮಗಳನ್ನು ಅವರಿಗೆ ತೋರಿಸೋಣವೆಂದು ಈ ಭಾನುವಾರ ಚಿಂತಾಮಣಿಗೆ ಕರೆದುಕೊಂಡು ಹೋದೆ. ಅವರು ಸೂಜಿ ಹಾಕುತ್ತಿದ್ದ ಮನೆಯಲ್ಲಿ ಬೇರೆ ಯಾರೋ ಇದ್ದರು. ಪಕ್ಕದ ಮನೆಯ ಅಜ್ಜಿ, "ಪೋಯಿನಾರಮ್ಮ," ಎಂದರು. ತೀರಿಕೊಂಡು ಬಹಳ ಕಾಲವಾಯಿತಂತೆ.

ನೋಡೋಕೆ ಹೇಗಿದ್ರಮ್ಮ ಅವರು ಎಂದು ಮಗಳು ಕೇಳಿದಳು. ಹೇಳಲು ಬಾಯಿ ತೆರೆದೆ. ತುಟಿ ನಡುಗಿತು… ಎರಡೂ ಕಡೆ, ಒಂದೇ ಸಮ.