ಹಳ್ಳಕ್ಕೆ ಬಿದ್ದ ಮ್ಯಾನೇಜರ್

ಇದು ಕಟ್ಟಿದ ಕಥೆಯಲ್ಲ. ನಂಬದವರಿಗೆ ನನ್ನ ಎಡಗೈ ತೋರಿಸುತ್ತೇನೆ. ಬಸವೇಶ್ವರನಗರದ ಡಾಕ್ಟರು ನಾಯಿ ಕಡಿತ ಎಂದು ಬರೆದುಕೊಂಡು ಇಂಜೆಕ್ಷನ್ ಚುಚ್ಚಿದರು. ನಾನೂ ಹೌದು ಅಂದೆ. ಮ್ಯಾನೇಜರ್ ಕಚ್ಚಿದರು ಎಂದು ಯಾವ ಬಾಯಲ್ಲಿ ಹೇಳಲಿ?

ರಾಜಾಜಿನಗರದಲ್ಲಿ ಇನ್ಶೂರೆನ್ಸ್ ಮಾರುವ ಆಫೀಸು ನಮ್ಮದು. ಮ್ಯಾನೇಜರ್ ಗಿರೀಶ್ ಸಾರ್‌ಗೆ ಬಡ್ತಿ ಆಗುವುದಿತ್ತು. ಅವರ ಕುರ್ಚಿಯ ಮೇಲೆ ನಾನೂ ನವೀನನೂ ಕಣ್ಣಿಟ್ಟಿದ್ದೆವು. ನವೀನ ನನಗಿಂತ ಕಿರಿಯ. ಅಕ್ಕಾ ಅಕ್ಕಾ ಅನ್ನುತ್ತಲೇ ನನ್ನ ಗಿರಾಕಿಗಳನ್ನು ಎಗರಿಸುತ್ತಿದ್ದ. ಕೆಲಸ ಯಾರು ಬೇಕಾದರೂ ಮಾಡುತ್ತಾರೆ, ಹಸಿವು ಇರಬೇಕು ಎಂದು ಸಾರ್ ಇಬ್ಬರಿಗೂ ಉಪದೇಶ ಮಾಡುತ್ತಿದ್ದರು. ವರ್ಷಗಟ್ಟಲೆ ಕತ್ತೆಯ ಹಾಗೆ ದುಡಿದ ನನಗೆ ಆ ಕುರ್ಚಿ ಬೇಕೇ ಬೇಕಿತ್ತು.

ಅವತ್ತು ಹುಣ್ಣಿಮೆ. ಕೆಂಗೇರಿ ಉಪನಗರದಾಚೆ ಆಫೀಸಿನ ಊಟ ಮುಗಿಸಿ ಮೂವರೂ ಸಾರ್ ಕಾರಿನಲ್ಲಿ ಬರುತ್ತಿದ್ದೆವು. ದೊಡ್ಡ ಮೋರಿಯ ಪಕ್ಕ ಸಾರ್ ಕಾರು ನಿಲ್ಲಿಸಿ, ತುಂಬಾ ಸೆಖೆ ಎಂದು ಟೈ ಕಿತ್ತೆಸೆದು ಇಳಿದರು. ಬೊಗಳುತ್ತಿದ್ದ ಬೀದಿನಾಯಿಗಳು ಒಮ್ಮೆಲೇ ಸುಮ್ಮನಾದವು... ಮೋರಿಯ ನಾತದ ಜೊತೆ ಹಸಿ ಮಾಂಸದ ವಾಸನೆ. ಎಲ್ಲೋ ಬಟ್ಟೆ ಪರ್ರನೆ ಹರಿದ ಸದ್ದು.

ನಾನು ಇಳಿದೆ. "ಸಾರ್... ಹುಷಾರಾಗಿದೀರಾ?"

ತಿರುಗಿದ್ದು ತೋಳ. ಅದರ ಕೊರಳಲ್ಲಿ ಕಂಪನಿಯ ಐಡಿ ಕಾರ್ಡ್ ನೇತಾಡುತ್ತಿತ್ತು.

ಬೆನ್ನ ಹಿಂದೆ ಟಕ್ ಎಂದಿತು. ನವೀನ ಒಳಗಿನಿಂದ ಕಾರು ಲಾಕ್ ಮಾಡಿಕೊಂಡಿದ್ದ.

ತೋಳ ಹಾರಿ ನನ್ನ ಎಡಗೈಗೆ ಬಾಯಿ ಹಾಕಿತು. ಹಲ್ಲು ಮೂಳೆಗೆ ತಾಗಿದ ಸದ್ದು ನನಗೇ ಕೇಳಿಸಿತು. ಬಲಗೈ ಹೆಬ್ಬೆರಳನ್ನು ಅದರ ಕಣ್ಣಿಗೆ ತುರುಕಿದೆ. ಬಿಸಿ ರಕ್ತ ನನ್ನ ಮುಖಕ್ಕೆ ಚಿಮ್ಮಿತು. ಇಬ್ಬರೂ ಹೊರಳಾಡುತ್ತ ಮೋರಿಯ ಅಂಚಿಗೆ ಬಂದೆವು. ಎರಡೂ ಕಾಲಲ್ಲಿ ಒದ್ದೆ. ಅದು ಕೆಳಗೆ ಬಿತ್ತು.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುತ್ತಾರಲ್ಲ, ನವೀನನಿಗೆ ಆಗ ಪೌರುಷ ಬಂತು. ಕಾರಿನಿಂದಿಳಿದು ಕಲ್ಲೆಸೆದ. ಗುರಿ ತಪ್ಪಿತು. ನಾನು ಬಿಳಿ ಗೆರೆಯ ದಪ್ಪ ಕಲ್ಲೊಂದನ್ನು ಎತ್ತಿ ನೇರ ತಲೆಯ ಮೇಲೆ ಹಾಕಿದೆ. ತೆಂಗಿನಕಾಯಿ ಒಡೆದಂತೆ ಸದ್ದಾಯಿತು. ಸಾರ್ ಸತ್ತರು ಅಂದುಕೊಂಡೆ. ಅಯ್ಯೋ ಅನ್ನಿಸಲಿಲ್ಲ, ಕುರ್ಚಿ ಖಾಲಿಯಾಯಿತು ಅನ್ನಿಸಿತು.

ಕತ್ತಲೊಳಗಿನಿಂದ ಸಾರ್ ದನಿ ಬಂತು. "ಇದೇ ಕಣಮ್ಮ ನಾನು ಹುಡುಕ್ತಾ ಇದ್ದಿದ್ದು... ಹಸಿವು."

ಸೋಮವಾರ ಸಾರ್ ತಲೆಗೂ ಒಂದು ಕಣ್ಣಿಗೂ ಬ್ಯಾಂಡೇಜು ಸುತ್ತಿಕೊಂಡು ಬಂದು, ಕುರ್ಚಿ ನನಗೇ ಎಂದು ಘೋಷಿಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನವೀನ.

ಅದೇ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಗಾಯ ಮಾಗಿದೆ. ಅದರ ಮೇಲೆ ಒರಟು ಕೂದಲು ಬರುತ್ತಿದೆ, ಬೆಳಿಗ್ಗೆ ಬೋಳಿಸಿದರೆ ಸಂಜೆಗೆ ಮತ್ತೆ ಹಾಜರು. ಇವತ್ತು ಹುಣ್ಣಿಮೆ. ಕೆಂಗೇರಿಯಲ್ಲಿ ಆಫೀಸಿನ ಊಟ, ಏರ್ಪಾಡು ನವೀನನದು. ಮಧ್ಯಾಹ್ನ ಅವನ ಟೇಬಲ್ಲಿನ ಕಾಗದಗಳ ಮೇಲೆ ಬಿಳಿ ಗೆರೆಯ ಕಲ್ಲು ಕಂಡೆ. ಇದು ಎಲ್ಲಿಯದು ಎಂದು ಕೇಳಿದೆ.

"ನಿಮ್ದೇ ಅಕ್ಕಾ. ಮೋರಿಗಿಳಿದು ತಂದೆ," ಅಂದ ಮೆಲ್ಲಗೆ. "ಈ ಸಲ ಗುರಿ ತಪ್ಪಲ್ಲ."

ಕೆಳಗೆ ಕಾರು ತಂದು ಹಾರ್ನ್ ಹೊಡೆಯುತ್ತಿದ್ದಾನೆ. ಹೋಗಬಾರದು ಎಂದು ನನಗೆ ಗೊತ್ತು, ಭಯವೂ ಆಗುತ್ತಿದೆ. ಆದರೆ ಈ ರೂಮಿನಲ್ಲಿ ಯಾಕೋ ತುಂಬಾ ಸೆಖೆ...