ದಾರವಿಲ್ಲದೆ ಹಾರಿದ ಬೆಂಡಿನ ವಿಮಾನ

ಹುಣಸೂರಿನ ಪೇಟೆಬೀದಿಯಲ್ಲಿ ಅಬ್ಬಾ ಕಾಗದದ ಅಂಗಡಿ ಇಟ್ಟಿದ್ದರು. ಆಷಾಢದಲ್ಲಿ ಗಾಳಿಪಟ, ಮದುವೆಯ ತಿಂಗಳುಗಳಲ್ಲಿ ಬಣ್ಣದ ತೋರಣ ಮತ್ತು ನೀರುಗಿಡದ ಹಗುರ ಬೆಂಡಿನ ಹೂವು. ಅವನ್ನೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಮಾಡುತ್ತಿದ್ದವರು ಅಮ್ಮಿ ಮತ್ತು ನಾನು. ಆಗ ನನಗೆ ಹದಿನೇಳು ವರ್ಷ. ದೊಡ್ಡವಳಾದಳೆಂದು ಶಾಲೆ ಬಿಡಿಸಿ ಐದು ವರ್ಷವಾಗಿತ್ತು.

ಎರಡನೆಯ ಮಹಾಯುದ್ಧದ ಕಾಲ. ಪೊಟ್ಟಣ ಕಟ್ಟಲೆಂದು ತಂದ ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಒಂದು ಇಂಗ್ಲಿಷ್ ಹಾಳೆ ನನ್ನ ಕೈಗೆ ಸಿಕ್ಕಿತು. ರಬ್ಬರ್ ತಿರುಚಿ ಹಾರಿಸುವ ಪುಟ್ಟ ವಿಮಾನದ ಚಿತ್ರ, ಪಕ್ಕದಲ್ಲಿ ಅಳತೆಗಳು. ಬರಹದ ಅರ್ಧ ಹರಿದುಹೋಗಿತ್ತು, ಉಳಿದ ಅರ್ಧ ಓದಲು ನನಗೆ ಬರುತ್ತಿರಲಿಲ್ಲ. ಅಂಕಿಗಳು ತಿಳಿದವು. ಅಷ್ಟು ಸಾಕೆಂದುಕೊಂಡು ಹಾಳೆಯನ್ನು ಪೆಟ್ಟಿಗೆಯಲ್ಲಿಟ್ಟೆ.

ಅಬ್ಬಾಗೆ ತೋರಿಸಿದಾಗ ಅವರು ನಗಲಿಲ್ಲ, ಬೈಯಲೂ ಇಲ್ಲ. ಗಾಳಿಪಟವನ್ನು ಮೇಲೆ ನಿಲ್ಲಿಸುವುದೇ ದಾರ, ದಾರ ತುಂಡಾದ ಪಟ ಎಲ್ಲಿಗೆ ಹೋಗುತ್ತದೆಂದು ನಿನಗೇ ಗೊತ್ತಲ್ಲ ಎಂದರು. ಮನೆಯಲ್ಲಿ ನಮ್ಮದು ಉರ್ದು ಮಾತು; ಅವರು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕೆಲಸ ಮುಗಿದ ಮೇಲೆ ಉಳಿಯುವ ಚೂರುಗಳನ್ನು ಮಾತ್ರ ಬಳಸುತ್ತೇನೆಂದು ಒಪ್ಪಿಸಿದೆ.

ರೆಕ್ಕೆಯ ಪಕ್ಕೆಲುಬುಗಳನ್ನು ಬೆಂಡಿನಿಂದ ಕೊಯ್ದೆ, ಉದ್ದದ ಕಡ್ಡಿಗಳನ್ನು ಬಿದಿರಿನಿಂದ ಸೀಳಿದೆ. ಮೇಲಕ್ಕೆ ಪಟದ ಕಾಗದ, ಮೈದಾಹಿಟ್ಟಿನ ಅಂಟು. ಜರಿ ತೂಗುವ ಸಣ್ಣ ತಕ್ಕಡಿಯಲ್ಲಿ ಗುಲಗಂಜಿ ಇಟ್ಟು ಒಂದೊಂದು ಭಾಗವನ್ನೂ ತೂಗುತ್ತಿದ್ದೆ. ಒಂದು ರೆಕ್ಕೆ ಇನ್ನೊಂದಕ್ಕಿಂತ ಎರಡು ಗುಲಗಂಜಿ ಹೆಚ್ಚು ತೂಗಿದರೆ ಗಾಜಿನ ಚೂರಿನಿಂದ ಮತ್ತೆ ಹೆರೆಯುತ್ತಿದ್ದೆ. ಹಳೆಯ ಸೈಕಲ್ ಟ್ಯೂಬನ್ನು ನೂಲಿನಂತೆ ಕತ್ತರಿಸಿ ರಬ್ಬರ್ ಮಾಡಿಕೊಂಡೆ. ಮುಂದಿನ ಪಂಖವನ್ನು ಬೂರುಗದ ಮರದಲ್ಲಿ ಕೆತ್ತಿದೆ. ಮೊದಲನೆಯದು ಸೊಗಸಾಗಿ ತಿರುಗಿತು, ಆದರೆ ಕೈಯೊಡ್ಡಿದರೆ ಗಾಳಿಯೇ ತಾಗಲಿಲ್ಲ. ಎರಡು ದಿನ ನೋಡಿದ ಮೇಲೆ ತಪ್ಪು ಕಂಡಿತು: ಒಂದು ಎಲೆ ಗಾಳಿಯನ್ನು ಹಿಂದಕ್ಕೆ ತಳ್ಳುತ್ತಿತ್ತು, ಇನ್ನೊಂದು ಮುಂದಕ್ಕೆ. ಅದನ್ನು ಒಲೆಗೆ ಹಾಕಿ ಇನ್ನೊಂದು ಕೆತ್ತಿದೆ. ಅದು ಸೀಳಿಹೋಯಿತು. ಮೂರನೆಯದು ಸೀಳದೆ ಉಳಿಯಿತು.

ಹಿತ್ತಲಲ್ಲಿ ಹಾರಿಸಿದರೆ ಹತ್ತು ಹೆಜ್ಜೆಗೆ ಗೋಡೆ. ವಿಮಾನ ಪ್ರತಿಸಲವೂ ಗೋಡೆಗೆ ಬಡಿದು ಬೀಳುತ್ತಿತ್ತು. ಬಯಲು ಬೇಕಿತ್ತು, ಬಯಲಿಗೆ ಹೋಗುವ ವಯಸ್ಸು ನನಗೆ ಮುಗಿದಿತ್ತು. ನಾಲ್ಕು ವಾರ ಅಬ್ಬಾನನ್ನು ಕೇಳಿದೆ, ನಾಲ್ಕು ವಾರವೂ ಬೇಡವೆಂದರು. ಐದನೆಯ ವಾರ ಹನಗೋಡಿನ ಒಂದು ಗೌಡರ ಮನೆಗೆ ಮದುವೆಯ ತೋರಣ ಮುಟ್ಟಿಸುವುದಿತ್ತು. ಗಾಡಿ ಕಳಿಸಿದ್ದರು. ತೋರಣ ಕಟ್ಟಿಕೊಡಲು ಕೈ ಬೇಕೆಂದು ಅಬ್ಬಾ ನನ್ನನ್ನೂ ಕರೆದರು. ನಾನು ಬಟ್ಟೆ ಮುಚ್ಚಿ ತಂದಿದ್ದ ಬುಟ್ಟಿಯಲ್ಲಿ ಏನಿದೆಯೆಂದು ದಾರಿಯುದ್ದಕ್ಕೂ ಕೇಳಲಿಲ್ಲ.

ತೋರಣ ಕಟ್ಟಿ ಮುಗಿಸಿದ ಮೇಲೆ ಬುಟ್ಟಿಯ ಬಟ್ಟೆ ತೆಗೆದೆ. ಮನೆಯ ಯಜಮಾನಿ, ಐವತ್ತು ದಾಟಿದ ಗೌಡ್ತಿ, ವಿಮಾನವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಇದು ಹಾರುತ್ತದೆಯೇ ಎಂದು ಕೇಳಿದರು. ಹಾರಿಸಬೇಕು ಎಂದೆ. ತಾವೇ ಮುಂದಾಗಿ ಹೊಳೆಯ ಕಡೆಗಿದ್ದ ಕೊಯ್ದ ಗದ್ದೆಗೆ ನಮ್ಮನ್ನು ಕರೆದೊಯ್ದರು.

ಇನ್ನೂರು ಸುತ್ತು ತಿರುಚಿ ಬಿಟ್ಟೆ. ವಿಮಾನ ಮೇಲೇರಿತು, ಮೂತಿ ಎತ್ತಿ ಗಾಳಿಯಲ್ಲಿ ನಿಂತಿತು, ಬಾಲ ಕೆಳಗಾಗಿ ಭತ್ತದ ಕೂಳೆಯ ಮೇಲೆ ಬಿದ್ದಿತು. ಮತ್ತೆ ಬಿಟ್ಟೆ. ಮತ್ತೆ ಹಾಗೆಯೇ. ಐದನೆಯ ಸಲ ಉದ್ದದ ಕಡ್ಡಿಯೇ ಮುರಿಯಿತು. ಸಾಕು, ಮನೆಗೆ ಹೋಗೋಣ ಎಂದರು ಅಬ್ಬಾ. ಗೌಡ್ತಿ ಮಾತ್ರ ಹಳೆಯ ಮೊರವೊಂದರಿಂದ ಬಿದಿರಿನ ಸೀಳು ಕಿತ್ತು ತಂದುಕೊಟ್ಟರು. ನಾನು ಅದನ್ನು ಕಡ್ಡಿಗೆ ಸೇರಿಸಿ ಬಿಗಿಯಾಗಿ ದಾರ ಸುತ್ತುವಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಹೇಳಿದರು:

"ಕೊಕ್ಕರೆ ಗದ್ದೆಗಿಳಿವಾಗ ನೋಡಿದ್ದೀಯಾ ಮಗ? ಮೂತಿ ಎತ್ತಿ ಅಂಗೇ ನಿಂತ್ಕತದೆ. ಇದೂ ಅಂಗೇಯ. ಬಾಲ ಭಾರ ಆಗ್ಯದೆ ಕಣವ್ವ."

ಹಾಗಾದರೆ ಮೂತಿಗೆ ಒಂದಿಷ್ಟು ಜೇಡಿಮಣ್ಣು ಅಂಟಿಸು ಎಂದರು ಅಬ್ಬಾ. ನನಗೆ ಮನಸ್ಸಾಗಲಿಲ್ಲ. ತಿಂಗಳುಗಟ್ಟಲೆ ಗುಲಗಂಜಿ ಲೆಕ್ಕದಲ್ಲಿ ಹೆರೆದು ಇಳಿಸಿದ ಭಾರವನ್ನು ಒಂದು ಮುದ್ದೆ ಮಣ್ಣಿಗೆ ಬಿಟ್ಟುಕೊಡಲಾರೆ. ರೆಕ್ಕೆ ಕಟ್ಟಿದ್ದ ದಾರ ಬಿಚ್ಚಿ, ಮೂತಿಯ ಕಡೆ ಭಾರ ಹೆಚ್ಚಲೆಂದು ಇಡೀ ರೆಕ್ಕೆಯನ್ನು ಅರ್ಧ ಬೆರಳು ಹಿಂದಕ್ಕೆ ಸರಿಸಿ ಕಟ್ಟಿದೆ. ಈ ಸಲ ಮೂತಿ ಎತ್ತುವುದು ಕಡಿಮೆಯಾಯಿತು. ಇನ್ನರ್ಧ ಬೆರಳು ಸರಿಸಿದೆ, ನೆಲಕ್ಕೆ ತಿವಿಯಿತು. ಅದರ ಅರ್ಧದಷ್ಟು ಮುಂದಕ್ಕೆ ತಂದೆ. ಬಿಸಿಲೇರಿತ್ತು. ರಬ್ಬರ್ ತಿರುಚಿ ತಿರುಚಿ ತೋರುಬೆರಳಿನ ಚರ್ಮ ಸುಲಿದಿತ್ತು.

"ಇದೊಂದು ಸಲ, ಅಬ್ಬಾ," ಎಂದೆ.

"ಅದು ಹಾರುವವರೆಗೂ ಬಿಡುತ್ತಿರು," ಎಂದರು ಅವರು. "ನಾನೇನು ಓಡಿಹೋಗುತ್ತೇನೆಯೇ?"

ಬಿಟ್ಟೆ. ಕೈಯಿಂದ ಸರಾಗವಾಗಿ ಜಾರಿತು. ಬದುವನ್ನು ದಾಟಿತು, ಎಡಕ್ಕೆ ವಾಲಿ ತೆಂಗಿನ ಅರ್ಧದೆತ್ತರಕ್ಕೆ ಏರಿತು. ಪಂಖ ನಿಂತ ಮೇಲೂ ಬೀಳಲಿಲ್ಲ; ಕಾಗದದ ಹಿಂದೆ ಬೆಳಕು ಕಾಣುತ್ತಿದ್ದ ರೆಕ್ಕೆ ಚಾಚಿಕೊಂಡು ನಿಧಾನವಾಗಿ ಇಳಿಯುತ್ತ ಹೋಯಿತು. ನಾನು ಸೆರಗು ಕಟ್ಟಿಕೊಂಡು ಕೂಳೆಯ ಮೇಲೆ ಬರಿಗಾಲಲ್ಲಿ ಓಡಿದೆ. ಅಬ್ಬಾ ತಡೆಯಲಿಲ್ಲ. ನಿಂತಲ್ಲೇ ಜೋರಾಗಿ ಎಣಿಸುತ್ತಿದ್ದರೆಂದು ಆಮೇಲೆ ಗೌಡ್ತಿ ಹೇಳಿದರು. ಇಪ್ಪತ್ತಾರು ಎಣಿಸುವಷ್ಟರಲ್ಲಿ ಅದು ಲಕ್ಷ್ಮಣತೀರ್ಥ ಹೊಳೆಯ ಅಂಚಿನ ನೀರಿನಲ್ಲಿ ಕೂತಿತು.

ನಾನು ತಲುಪುವ ಹೊತ್ತಿಗೆ ಅಂಟು ಕರಗಿ ಕಾಗದ ಕಳಚಿಕೊಂಡಿತ್ತು. ಅಬ್ಬಾ ಹಿಂದಿನಿಂದ ಬಂದು, ಪೈಜಾಮ ಮೊಣಕಾಲಿಗೆ ಮಡಚಿ ನೀರಿಗಿಳಿದು ಅಸ್ಥಿಪಂಜರವನ್ನು ಎತ್ತಿ ತಂದರು. ಮುರಿದದ್ದೇನೂ ಇರಲಿಲ್ಲ. ಗಾಡಿಯಲ್ಲಿ ಬರುವಾಗ ಬುಟ್ಟಿ ಅವರ ತೊಡೆಯ ಮೇಲಿತ್ತು. ಮೈದಾ ಅಂಟು ಆಗದು, ಹಲಸಿನ ಮೇಣ ಕಾಸಿ ನೋಡಬೇಕು ಎಂದರು. ಮೇಣ ಭಾರವಾಗುತ್ತದೆ ಎಂದೆ. ತೆಳ್ಳಗೆ ಬಳಿದರೆ ಭಾರವಾಗದು ಎಂದು ಅವರು, ಆಗುತ್ತದೆ ಎಂದು ನಾನು. ಊರು ಬರುವವರೆಗೆ ಅದೇ ಮಾತು.

ಮರುದಿನ ಬೆಳಿಗ್ಗೆ ತೂಗಿ ನೋಡಿದೆವು. ಮೇಣ ಮೈದಾ ಅಂಟಿಗಿಂತ ಮೂರು ಗುಲಗಂಜಿ ಹೆಚ್ಚು ಬಂತು. ನಾನು ಬೆಂಡಿನ ಪಕ್ಕೆಲುಬುಗಳಿಗೆ ತೂತು ಕೊರೆದು ಆ ಮೂರನ್ನೂ ಇಳಿಸಿದೆ.