ಡೆಮೊ ಮಂಗ

ಕಳೆದ ಸೋಮವಾರ ಯಾದಗಿರಿ ಸ್ಟೇಷನ್ನಿನಲ್ಲಿ ಕೂತು, ಇಲ್ಲದ ರೈಲಿಗಾಗಿ ಒಂದು ತಾಸು ಕಾದೆ.

ತಪ್ಪು ನನ್ನದೇ. ಹಿಂದಿನ ದಿನ ನನ್ನ ತಂಗಿಯ ಮಗಳು ನೀಲಮ್ಮ ಫೋನ್ ಮಾಡಿದ್ದಳು. "ದೊಡ್ಡವ್ವ, ನಾಳಿ ಹನ್ನೊಂದಕ್ಕ ಯಾದಗಿರ್‍ಯಾಗ ಡೆಮೊ ಅದ, ನನ್ನ ಜೋಡಿ ಬಾ" ಎಂದಳು. ಅಷ್ಟರಲ್ಲಿ ಲೈನ್ ಹೋಯಿತು. ನಮ್ಮ ಕಡೆ ಡೆಮೊ ಎಂದರೆ ಏನು? ಎಲ್ಲ ಊರಿಗೂ ನಿಂತು ನಿಂತು ಹೋಗುವ ಪ್ಯಾಸೆಂಜರ್ ಗಾಡಿ. (ಅದರ ಖರೆ ಹೆಸರು ಡೆಮು ಅಂತೆ. ಇರಲಿ. ನಾವು ಡೆಮೊ ಎಂದೇ ಹತ್ತಿದ್ದೇವೆ, ಡೆಮೊ ಎಂದೇ ಇಳಿದಿದ್ದೇವೆ.)

ಎಲ್ಲಿಗೆ, ಯಾಕೆ ಎಂದು ಕೇಳುವ ಅಭ್ಯಾಸ ನನಗಿಲ್ಲ. ಆರು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಸುರಪುರದಲ್ಲಿ ಬಸ್ಸು ಹತ್ತಿದೆ. ಸ್ಟೇಷನ್ನಿನ ಟಿಕೆಟ್ ಕಿಟಕಿಯವನು ಹನ್ನೊಂದಕ್ಕೆ ಯಾವ ಡೆಮೊನೂ ಇಲ್ಲ ಎಂದ. ನಮ್ಮ ಹುಡುಗಿ ಸುಳ್ಳು ಹೇಳುವವಳಲ್ಲ ಎಂದು ಅವನಿಗೇ ಗದರಿಸಿ ಕಟ್ಟೆಯ ಮೇಲೆ ಕೂತೆ.

ಹತ್ತೂವರೆಗೆ ನೀಲಮ್ಮ ಹುಡುಕಿಕೊಂಡು ಆಟೋದಲ್ಲಿ ಬಂದಳು.

"ಸಾಲಿಗಿ ಬಾ ಅಂದ್ರ ಟೇಶನಕ್ಕ ಬಂದು ಕುಂತೀಯಲ್ಲ ದೊಡ್ಡವ್ವ."

"ಸಾಲಿ ಅಂತ ಎಲ್ಲಿ ಅಂದಿ ನೀ?"

ಅನ್ನುವುದರೊಳಗೆ ಲೈನ್ ಹೋಗಿತ್ತಂತೆ. ಮಾಸ್ತರಿಕೆ ಕೊಡುವ ಮೊದಲು ಶಾಲೆಯವರು ಒಂದು ಪಾಠ ಮಾಡಿಸಿ ನೋಡುತ್ತಾರೆ, ಅದಕ್ಕೂ ಡೆಮೊ ಎನ್ನುತ್ತಾರೆ ಎಂದು ಆಟೋದಲ್ಲಿ ಹೇಳಿದಳು. ಒಂದೇ ಹೆಸರನ್ನು ಎಷ್ಟು ಕಡೆ ಇಡುತ್ತಾರೆ ಇವರು? ಜಗತ್ತಿನಲ್ಲಿ ಬೇರೆ ಹೆಸರಿಗೆ ಬರ ಬಂದಿದೆಯೇ?

ನೀಲಮ್ಮನಿಗೆ ನಲವತ್ತು ದಾಟಿದೆ. ಶಹಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು, ಇಪ್ಪತ್ತು ವರ್ಷದಿಂದ ಊರವರ ಅರ್ಜಿ ತುಂಬುತ್ತಾಳೆ. ಮಕ್ಕಳಿಗೆ ಕಂಪ್ಯೂಟರ್ ಕಲಿಸಬೇಕು ಎನ್ನುವುದು ಅವಳ ಹಳೆಯ ಹುಚ್ಚು. ಡಿಗ್ರಿ ಇಲ್ಲ. ಹೋದಲ್ಲೆಲ್ಲ ಬಾಗಿಲಲ್ಲೇ ಬೇಡ ಎಂದರು. ಈ ಶಾಲೆ ಮಾತ್ರ ಡಿಗ್ರಿ ಇಲ್ಲದಿದ್ದರೂ ನಡೆಯುತ್ತದೆ, ಕಲಿಸಲು ಬಂದರೆ ಸಾಕು ಎಂದಿತ್ತು. ಇಂಥ ಮಾತನ್ನು ಯಾರಾದರೂ ಎರಡು ಸಲ ಹೇಳುತ್ತಾರೆಯೇ?

ಅವಳು ಕಲಿತದ್ದು ಹೇಗೆ ಎನ್ನುವುದನ್ನು ಹೇಳಬೇಕು.

ಹುಡುಗಿಯಾಗಿದ್ದಾಗ ಅವಳನ್ನು ಶಹಾಪುರದ ಒಂದು ಕಂಪ್ಯೂಟರ್ ಕ್ಲಾಸಿಗೆ ಹಾಕಿದ್ದೆವು. ಅಲ್ಲಿನ ಸರ್ ಹೈದರಾಬಾದಿನಿಂದ ಒಂದು ಸಿ.ಡಿ. ತಂದಿದ್ದರು. ಗೇಮ್ ಆಡುವ ಸಿ.ಡಿ. ಅಲ್ಲ, ಗೇಮ್ ಮಾಡುವ ಸಿ.ಡಿ. ಆಟವನ್ನು ನಾವೇ ಕಟ್ಟಬಹುದು. ಹೇಗೆ ಕಟ್ಟುವುದು ಎಂದು ತಿಳಿಯಲಿ ಎಂದು ಅದರಲ್ಲೇ ಐದಾರು ಆಟ ಮಾಡಿ ಇಟ್ಟಿದ್ದರು. ಅವಕ್ಕೂ (ನೋಡಿ ಮತ್ತೆ!) ಡೆಮೊ ಎಂದೇ ಹೆಸರು.

ಕ್ಲಾಸಿನ ಹುಡುಗರೆಲ್ಲ ಆ ಡೆಮೊ ಆಟಗಳನ್ನು ಆಡಿ ಮುಗಿಸಿದರು. ಇವಳು ಆಡಲಿಲ್ಲ, ಬಿಚ್ಚಿದಳು. ಆಟದ ಹೊಟ್ಟೆಯೊಳಗೆ ಒಂದು ಪಟ್ಟಿ ಇರುತ್ತದಂತೆ. ಯಾವುದಕ್ಕೆ ಯಾವುದು ತಾಗಿದರೆ ಏನಾಗಬೇಕು ಎಂದು ಸಾಲಾಗಿ ಬರೆದಿರುತ್ತದೆ. ಆಗ ಅವಳಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಒಂದು ಅಂಕಿ ಬದಲಿಸುವುದು, ಆಡಿಸಿ ನೋಡುವುದು, ಕೆಟ್ಟರೆ ಮತ್ತೆ ಮೊದಲಿನದನ್ನೇ ಹಾಕುವುದು. ಹೀಗೇ ವರ್ಷ ಕಳೆದಳು. ಆಟ ಬಿಟ್ಟು ಹಾಳು ಮಾಡುತ್ತೀಯಲ್ಲ ಎಂದು ಸರ್ ಬೈದರಂತೆ.

ನನಗೆ ಅದು ಹಾಳು ಎನ್ನಿಸಲಿಲ್ಲ. ನಾನು ಕುಬಸ ಹೊಲಿಯಲು ಕಲಿತದ್ದು ಹೇಗೆ? ನಮ್ಮ ಅತ್ತೆಯ ಕುಬಸವನ್ನು ಹೊಲಿಗೆ ಹೊಲಿಗೆ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರವಿ. ಕಂಕುಳಿನ ಪಟ್ಟಿ ಎಷ್ಟಿದೆ, ತೋಳು ಎಲ್ಲಿ ಬಾಗಿದೆ, ಎಲ್ಲ ಅಲ್ಲೇ ತಿಳಿಯಿತು. ಅತ್ತೆ ಬೆನ್ನಿಗೆ ಎರಡು ಬಾರಿಸಿದಳು. ಆಮೇಲೆ ಸಾಯುವ ತನಕ ನಾನು ಹೊಲಿದ ಕುಬಸವನ್ನೇ ತೊಟ್ಟಳು.

ಆ ಡೆಮೊಗಳಲ್ಲಿ ಒಂದು ಮಂಗನ ಆಟ. ಮೇಲಿನಿಂದ ತೆಂಗಿನಕಾಯಿ ಬೀಳುತ್ತವೆ, ಮಂಗ ಬುಟ್ಟಿ ಹಿಡಿದು ಓಡಿ ಹಿಡಿಯಬೇಕು. ನಾನೂ ಆಡಿದ್ದೇನೆ. ಅದರಲ್ಲೊಂದು ಐಬು ಇತ್ತು. ಮಂಗನನ್ನು ಎಡಗಡೆ ತುದಿಗೆ ಓಡಿಸಿದರೆ ಗೋಡೆಯೊಳಗೆ ಸಿಕ್ಕಿಕೊಂಡು ಕಾಲು ಬಡಿಯುತ್ತಿತ್ತು. ಕಂಪ್ಯೂಟರ್ ಬಂದ್ ಮಾಡದೆ ಬೇರೆ ದಾರಿ ಇರಲಿಲ್ಲ. ಅದನ್ನು ಬಿಡಿಸಲು ನೀಲಮ್ಮನಿಗೆ ಎರಡು ತಿಂಗಳು ಹಿಡಿದಿತ್ತು.

ಈಗ ಶಾಲೆಗೆ ಬರೋಣ.

ಹೆಡ್ ಮೇಡಂ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಡೆಮೊಗೆ ಇಬ್ಬರು ಬಂದಿದ್ದರು. ಮೊದಲು ಟೈ ಕಟ್ಟಿದ ಒಬ್ಬ ಸರ್. ಡಿಗ್ರಿ ಇದೆ, ಮಾತಿದೆ. ಪಾಠ ಅರ್ಧ ಮಾಡಿ, ತಾನೇ ಸ್ವಂತ ತಯಾರಿಸಿದ ಗೇಮ್ ತೋರಿಸುತ್ತೇನೆ ಎಂದರು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮೊದಲು ಅವರ ಹೆಸರು ಬಂತು. ಹಿಂದೆಯೇ ಬುಟ್ಟಿ ಹಿಡಿದುಕೊಂಡು ಮಂಗ ಬಂತು.

ಅದೇ ಮಂಗ. ಅದೇ ಬಾಲ.

ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್ ಮೇಡಂ ಏನೋ ಬರೆದುಕೊಂಡರು. ನಾನು ಏಳುವುದರಲ್ಲಿದ್ದೆ. ಪಕ್ಕದಲ್ಲಿದ್ದ ನೀಲಮ್ಮ ಸೆರಗು ಹಿಡಿದು ಎಳೆದಳು.

"ನಿನ್ನ ಮಂಗ್ಯಾ ಅಲ್ಲೇನ ಅದು?" ಎಂದೆ.

"ಸುಮ್ಕ ಕುಂಡ್ರು ದೊಡ್ಡವ್ವ. ಅದು ನಂದೂ ಅಲ್ಲ."

ಕೂತೆ.

ಅವಳ ಸರದಿ ಬಂತು. ಪೆನ್‌ಡ್ರೈವಿನಲ್ಲಿ ಆ ಹಳೆಯ ಸಿ.ಡಿ.ಯನ್ನೇ ತುಂಬಿಕೊಂಡು ಬಂದಿದ್ದಳು. ಅದನ್ನು ಅಲ್ಲಿನ ಕಂಪ್ಯೂಟರಿಗೆ ಹಾಕಿ, ಐದಾರು ಡೆಮೊಗಳನ್ನೂ ಒಂದೊಂದಾಗಿ ತೋರಿಸಿದಳು. (ಶಾಲೆಯ ಕಂಪ್ಯೂಟರುಗಳೂ ಮುದುಕಿಯರೇ, ಹಾಗಾಗಿ ನಡೆಯಿತು.) ಒಬ್ಬ ಹುಡುಗಿಯನ್ನು ಕರೆದು, ಈಗ ಸರ್ ತೋರಿಸಿದ ಮಂಗನನ್ನು ಎಡಗಡೆ ಕೊನೆಯ ತನಕ ಓಡಿಸು ಎಂದಳು. ಓಡಿಸಿದಳು. ಗೋಡೆಗೆ ಸಿಕ್ಕಿಕೊಂಡಿತು, ಕಾಲು ಬಡಿಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಕಂಪ್ಯೂಟರ್ ಹಳೆಯದು, ಹ್ಯಾಂಗ್ ಆಗಿದೆ ಎಂದರು ಟೈ ಸರ್.

ನೀಲಮ್ಮ ಅವರ ಕಡೆ ನೋಡಲೂ ಇಲ್ಲ. ಯಾಕೆ ಸಿಕ್ಕಿತು ಎಂದು ಮಕ್ಕಳನ್ನು ಕೇಳಿದಳು. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿ, ಆಟವನ್ನು ಬಿಚ್ಚಿ ಪಟ್ಟಿ ತೋರಿಸಿದಳು. ಗೋಡೆ ತಾಗಿದರೆ ಮಂಗ ನಿಲ್ಲಬೇಕು ಎನ್ನುವ ಸಾಲು ಬಲಗಡೆಗೆ ಇದೆ, ಎಡಗಡೆಗೆ ಬರೆಯುವುದನ್ನೇ ಮರೆತಿದ್ದಾರೆ. ಇದನ್ನು ಮಕ್ಕಳೇ ಕಂಡುಹಿಡಿದರು, ಅವಳು ಹೇಳಲಿಲ್ಲ. ಆ ಹುಡುಗಿಯ ಕೈಯಲ್ಲೇ ಸಾಲು ಬರೆಸಿದಳು. ಮಂಗ ಗೋಡೆಯ ಹತ್ತಿರ ಹೋಗಿ ಸರಿಯಾಗಿ ನಿಂತಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನೂ ಬರೆಯುತ್ತೇನೆ, ನಾನೂ ಬರೆಯುತ್ತೇನೆ ಎಂದು ಎಲ್ಲರೂ ಎದ್ದು ಬಂದರು.

ಹೆಡ್ ಮೇಡಂ ಕೊನೆಗೆ ಒಂದೇ ಪ್ರಶ್ನೆ ಕೇಳಿದರು. ಇವುಗಳಲ್ಲಿ ನೀವು ಸ್ವಂತ ಮಾಡಿದ ಗೇಮ್ ಯಾವುದು?

"ಒಂದೂ ನಂದಲ್ರಿ ಮೇಡಂ. ಇವು ಸಿ.ಡಿ. ಜೋಡಿ ಬಂದ ಡೆಮೊ. ಮಂಗ್ಯಾಂದೂ ಅದರಾಗಿಂದೇ. ನಾ ಇವನ್ನ ಬಿಚ್ಚಿ ಕಲ್ತೀನ್ರಿ" ಎಂದಳು.

ಟೈ ಸರ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಹೆಡ್ ಮೇಡಂ ಅವರನ್ನು ಏನೂ ಕೇಳಲಿಲ್ಲ. ಇವಳ ಹೆಸರಿನ ಮುಂದೆ ಏನೋ ಬರೆದರು.

ಹೊರಗೆ ಬೇವಿನ ಮರದ ಕೆಳಗೆ ರೊಟ್ಟಿ ಬಿಚ್ಚಿದೆವು. ಅವನ ಸುಳ್ಳನ್ನು ಎಲ್ಲರ ಮುಂದೆ ಬಾಯಿಬಿಟ್ಟು ಯಾಕೆ ಹೇಳಲಿಲ್ಲ ಎಂದು ಜಗಳ ತೆಗೆದೆ. ಮಂಗ ಸಿಕ್ಕಿದ್ದನ್ನು ನೋಡಿಯೂ ತಿಳಿಯದವರಿಗೆ ಹೇಳಿದರೆ ತಿಳಿಯುತ್ತದೆಯೇ ಎಂದಳು. ಎರಡು ರೊಟ್ಟಿ ತಿಂದಳು. ಹಿಂಡಿಗೆ ಖಾರ ಕಡಿಮೆ ಆಗಿದೆ ಎಂದಳು.

ಗುರುವಾರ ಶಾಲೆಯಿಂದ ಫೋನ್ ಬಂತು. ನಿಮ್ಮ ಪಾಠ ಬಹಳ ಚಲೋ ಇತ್ತು, ಆದರೆ ಆ ಸರ್ ಸ್ವಂತ ಗೇಮ್ ಮಾಡಿದ್ದಾರೆ, ನಿಮ್ಮದು ಒಂದೂ ಸ್ವಂತದ್ದಲ್ಲ ಎಂದು ನೀವೇ ಒಪ್ಪಿಕೊಂಡಿರಿ, ಅವರನ್ನೇ ತೆಗೆದುಕೊಂಡಿದ್ದೇವೆ ಎಂದರು.

ಒಪ್ಪಿಕೊಂಡಳಂತೆ. ಕಳ್ಳತನ ಒಪ್ಪಿಕೊಂಡ ಹಾಗೆ.

ನೀಲಮ್ಮ ಆ ದಿನ ಅಂಗಡಿ ತೆರೆಯಲಿಲ್ಲ. ಮರುದಿನ ತೆರೆದಳು. ನಾನು ಅಲ್ಲಿಗೆ ಹೋಗಿ ಕೂತಿದ್ದೆ. ಯಾರದೋ ಆಧಾರ್ ಕಾರ್ಡು ಮಷಿನ್ ಒಳಗಿಟ್ಟು ಗುಂಡಿ ಒತ್ತುವಾಗ ಅವಳ ಫೋನ್ ಬಡಿದುಕೊಂಡಿತು. ಶಾಲೆಯಿಂದ ನಂಬರ್ ಇಸಿದುಕೊಂಡಿದ್ದರಂತೆ, ಟೈ ಸರ್. ಮಕ್ಕಳು ಉಳಿದ ಡೆಮೊಗಳನ್ನೂ ಬಿಚ್ಚಿ ತೋರಿಸಿ ಎಂದು ಗಂಟು ಬಿದ್ದಿದ್ದಾರೆ, ಆ ಪಟ್ಟಿ ತೆರೆಯುವುದು ಹೇಗೆ ಎಂದು ಕೇಳಿದರು.

ನಾನಾಗಿದ್ದರೆ ಫೋನ್ ಇಡುತ್ತಿದ್ದೆ. ಇವಳು ಮಷಿನ್ ಬಂದ್ ಮಾಡಿ, ಸ್ಟೂಲಿನ ಮೇಲೆ ಕೂತು, ಅರ್ಧ ತಾಸು ಬಿಡಿಸಿ ಬಿಡಿಸಿ ಹೇಳಿದಳು. ಸರ್ ಬರೆದುಕೊಂಡರು.

ಈಗ ನೀವೇ ಹೇಳಿ, ಆ ಶಾಲೆಯ ಕಂಪ್ಯೂಟರ್ ಟೀಚರ್ ಯಾರು?